ಮಗಳಿಗೆ ಎರಡನೇ ಪಿಟೀಲು ಸಿಕ್ಕಿದೆಯಾ? ಬೇಜಾರು ಬೇಡ!

ಏಪ್ರಿಲ್ ಬಂತೆಂದರೆ ನಮ್ಮ ಬೀದಿಗಳಲ್ಲಿ ಸಮ್ಮರ್ ಕ್ಯಾಂಪಿನ ಬ್ಯಾನರುಗಳ ಭರಾಟೆ. ಈಜು, ಚಿತ್ರಕಲೆ, ಕರಾಟೆ, ಅಬ್ಯಾಕಸ್... ಮಕ್ಕಳನ್ನು ಎಲ್ಲಾದರೂ ಸೇರಿಸಿದರೆ ಮಧ್ಯಾಹ್ನದವರೆಗಾದರೂ ಮನೆ ತಣ್ಣಗಿರುತ್ತೆ ಅನ್ನೋದು ಎಲ್ಲ ಅಮ್ಮಂದಿರ ಗುಟ್ಟಿನ ಲೆಕ್ಕಾಚಾರ! ಅಮೆರಿಕದಲ್ಲಿ ಶಾಲೆಗೆ ದೊಡ್ಡ ರಜೆ ಸಿಗೋದು ಜೂನ್ ಹೊತ್ತಿಗೆ. ಅಲ್ಲಿ ಪಿಟೀಲು, ಚೆಲ್ಲೊ, ಪಿಯಾನೊ ಕಲಿಯುವ ಮಕ್ಕಳಿಗೆಂದೇ ಒಂದು ಬಗೆಯ ಶಿಬಿರ ನಡೆಯುತ್ತೆ. ಅದು ಚೇಂಬರ್ ಮ್ಯೂಸಿಕ್ ಕ್ಯಾಂಪ್. ಅಲ್ಲಿರುವ ಅಕ್ಕನೋ ತಂಗಿಯೋ ಫೋನಿನಲ್ಲಿ ‘ಮಗ ಮೂರು ವಾರ ಮ್ಯೂಸಿಕ್ ಕ್ಯಾಂಪಿಗೆ ಹೋಗ್ತಿದಾನೆ’ ಅಂತ ಹೇಳಿದ್ದರೆ ಬಹುಶಃ ಇದೇ ಇರಬೇಕು.

ನ್ಯೂಜೆರ್ಸಿಯಲ್ಲಿರುವ ನನ್ನ ನಾದಿನಿ ಹೋದ ಬೇಸಿಗೆಯಲ್ಲಿ ಫೋನ್ ಮಾಡಿ ಗೋಳಾಡಿದ್ದಳು. ‘ಐದು ವರ್ಷದಿಂದ ಕ್ಲಾಸಿಗೆ ಕಳಿಸ್ತಿದೀನಿ ಅತ್ತಿಗೆ, ಇಲ್ಲಿ ನೋಡಿದ್ರೆ ಇವಳಿಗೆ ಸೆಕೆಂಡ್ ವಯೊಲಿನ್ ಕೊಟ್ಟಿದಾರೆ. ಅವರಿಗೊಂದು ಇಮೇಲ್ ಹಾಕ್ಲಾ?’ ಹಾಕಬೇಡ ಅಂದೆ. ಯಾಕೆ ಹಾಕಬಾರದು ಅನ್ನೋದನ್ನ ಸ್ವಲ್ಪ ವಿವರವಾಗಿ ಹೇಳಬೇಕು. ಇಲ್ಲೇ ಇದ್ದು ಮಕ್ಕಳಿಗೆ ಕೀಬೋರ್ಡು, ವಯೊಲಿನ್ ಅಂತ ಗ್ರೇಡ್ ಪರೀಕ್ಷೆ ಕಟ್ಟಿಸುವ ಅಮ್ಮಂದಿರಿಗೂ ಈ ಮಾತು ಅನ್ವಯಿಸುತ್ತೆ.

ಚೇಂಬರ್ ಅಂದರೆ ಕೋಣೆ. ದೊಡ್ಡ ಸಭಾಂಗಣಕ್ಕಲ್ಲದೆ ಮನೆಯ ಹಜಾರದಲ್ಲಿ ನಾಲ್ಕೈದು ಜನ ಸೇರಿ ನುಡಿಸಲೆಂದು ಬರೆದ ಸಂಗೀತ ಇದು. ಹೆಚ್ಚು ಹೆಸರಾದದ್ದು ಸ್ಟ್ರಿಂಗ್ ಕ್ವಾರ್ಟೆಟ್. ಇದರಲ್ಲಿ ಎರಡು ಪಿಟೀಲು, ಪಿಟೀಲಿಗಿಂತ ತುಸು ದೊಡ್ಡದಾದ ವಯೋಲಾ, ಕಾಲುಗಳ ನಡುವೆ ನಿಲ್ಲಿಸಿಕೊಂಡು ನುಡಿಸುವ ಚೆಲ್ಲೊ ಇರುತ್ತವೆ. ಪಿಯಾನೊ ಜೊತೆ ಒಂದು ಪಿಟೀಲು, ಒಂದು ಚೆಲ್ಲೊ ಸೇರಿದರೆ ಪಿಯಾನೊ ಟ್ರಿಯೊ. ಮುಂದೆ ನಿಂತು ಕೋಲು ಆಡಿಸುವ ನಿರ್ದೇಶಕ ಇಲ್ಲಿಲ್ಲ. ಒಬ್ಬೊಬ್ಬರಿಗೂ ಬೇರೆಬೇರೆ ಭಾಗ, ಆ ಭಾಗಕ್ಕೆ ಅವರೊಬ್ಬರೇ ಹೊಣೆ. ದೊಡ್ಡ ಆರ್ಕೆಸ್ಟ್ರಾದಲ್ಲಿ ಹದಿನೈದು ಪಿಟೀಲುಗಳ ಮಧ್ಯೆ ಒಂದು ಅಪಸ್ವರ ಮುಚ್ಚಿಹೋಗುತ್ತೆ. ಇಲ್ಲಿ ಮುಚ್ಚೋಕೆ ಜಾಗವೇ ಇಲ್ಲ!

ಇನ್ನು ಎರಡನೇ ಪಿಟೀಲಿನ ಕತೆ. ಹೆಸರು ಕೇಳಿದರೆ ಎರಡನೇ ದರ್ಜೆ ಅನ್ನೋ ಹಾಗಿದೆ, ನಿಜ. ಆದರೆ ಮೊದಲ ಪಿಟೀಲು ರಾಗ ಎತ್ತಿಕೊಂಡು ಮೇಲೆ ಹಾರುವಾಗ ಕೆಳಗೆ ಲಯ ಬೀಳದ ಹಾಗೆ ಹಿಡಿಯುವವರು ಯಾರು? ಎರಡನೇ ಪಿಟೀಲು ಮತ್ತು ವಯೋಲಾ. ಒಂದು ಗಳಿಗೆ ಮೊದಲನೆಯವಳ ಜೊತೆ ಸೇರಬೇಕು, ಮರುಗಳಿಗೆ ಅವಳನ್ನು ಬಿಟ್ಟು ಚೆಲ್ಲೊ ಜೊತೆ ಸೇರಬೇಕು. ಕಿವಿ ನಾಲ್ಕೂ ದಿಕ್ಕಿಗಿರಬೇಕು. ಮದುವೆ ಮನೆಯಲ್ಲಿ ಬಡಿಸುವವರಿಗೂ ಅಡುಗೆಯವರಿಗೂ ಮಧ್ಯೆ ಓಡಾಡುವ ಚಿಕ್ಕಮ್ಮನ ಕೆಲಸ ಅಂತಿಟ್ಟುಕೊಳ್ಳಿ. ಅವರು ಕಣ್ಣಿಗೆ ಬೀಳೋದಿಲ್ಲ, ಅವರಿಲ್ಲದಿದ್ದರೆ ಪಂಕ್ತಿ ಏಳೋದಿಲ್ಲ.

1784ರಲ್ಲಿ ವಿಯೆನ್ನಾದ ಒಂದು ಮನೆಯಲ್ಲಿ ನಾಲ್ಕು ಸಂಗೀತಗಾರರು ಹೀಗೇ ಸೇರಿ ನುಡಿಸಿದರು. ಮೊದಲ ಪಿಟೀಲು ಹೈಡನ್ ಕೈಲಿ, ಎರಡನೆಯದು ಡಿಟರ್ಸ್‌ಡಾರ್ಫ್ ಕೈಲಿ, ಚೆಲ್ಲೊ ವಾನ್‌ಹಾಲ್ ಬಳಿ. ಮೊಜಾರ್ಟ್ ಎಲ್ಲಿದ್ದ ಗೊತ್ತೇ? ನಡುವೆ, ವಯೋಲಾ ಹಿಡಿದುಕೊಂಡು! ಶೂಬರ್ಟ್ ಮನೆಯದು ಇನ್ನೂ ಚೆನ್ನ. ಅಪ್ಪ ಚೆಲ್ಲೊ, ಇಬ್ಬರು ಅಣ್ಣಂದಿರು ಪಿಟೀಲು, ಚಿಕ್ಕವನಾದ ಫ್ರಾನ್ಜ್ ವಯೋಲಾ. ಅಪ್ಪ ತಪ್ಪು ನುಡಿಸಿದರೆ ಹುಡುಗ ಮೊದಲ ಸಲ ಸುಮ್ಮನಿರುತ್ತಿದ್ದನಂತೆ, ಮತ್ತೆ ತಪ್ಪಿದರೆ ‘ಎಲ್ಲೋ ಏನೋ ಸರಿಯಿಲ್ಲ ಅಪ್ಪ’ ಅನ್ನೋ ಅರ್ಥದಲ್ಲಿ ಮೆಲ್ಲಗೆ ಹೇಳುತ್ತಿದ್ದನಂತೆ. ನಮ್ಮ ಕಾಲಕ್ಕೆ ಬಂದರೆ, 1976ರಿಂದ 2023ರವರೆಗೆ ನುಡಿಸಿದ ಅಮೆರಿಕದ ಎಮರ್ಸನ್ ಕ್ವಾರ್ಟೆಟ್‌ನಲ್ಲಿ ಇಬ್ಬರು ಪಿಟೀಲುಗಾರರೂ ಸ್ಥಾನ ಅದಲುಬದಲು ಮಾಡಿಕೊಳ್ಳುತ್ತಿದ್ದರು. ಮಕ್ಕಳ ಶಿಬಿರಗಳಲ್ಲೂ ಒಂದು ಕೃತಿಗೆ ಮೊದಲನೆಯವಳಾದವಳು ಇನ್ನೊಂದಕ್ಕೆ ಎರಡನೆಯವಳಾಗೋದು ಮಾಮೂಲು.

ಉಸಿರೇ ತಾಳ

ಶಿಬಿರಕ್ಕೆ ಸೇರಲು ಮಕ್ಕಳು ತಾವು ನುಡಿಸಿದ್ದನ್ನು ರೆಕಾರ್ಡ್ ಮಾಡಿ ಕೆಲವು ತಿಂಗಳು ಮೊದಲೇ ಕಳಿಸಬೇಕು. ಅದನ್ನು ಕೇಳಿ, ಮಟ್ಟ ನೋಡಿ, ಗುಂಪು ಮಾಡುತ್ತಾರೆ. ಬೆಳಿಗ್ಗೆ ಒಬ್ಬರೇ ಕೂತು ಅಭ್ಯಾಸ, ಆಮೇಲೆ ಗುಂಪಿನ ಅಭ್ಯಾಸ. ಕೋಚ್ ಬಂದು ಕೇಳಿ, ತಿದ್ದಿ, ಹೋಗುತ್ತಾರೆ. ಹೋದ ಮೇಲೆ ಮಕ್ಕಳೇ ಜಗಳವಾಡಿ ತೀರ್ಮಾನ ಮಾಡಬೇಕು. ಇಲ್ಲಿ ನಿಧಾನವೋ ಜೋರೋ? ಕಮಾನು ಮೇಲಕ್ಕೋ ಕೆಳಕ್ಕೋ? ಈ ಜಗಳದಲ್ಲೇ ಅರ್ಧ ಕಲಿಕೆ ಇದೆ ಅಂತ ನನ್ನ ಅಭಿಪ್ರಾಯ.

ಶುರು ಮಾಡೋದು ಹೇಗೆ ಗೊತ್ತಾ? ಯಾರೂ ‘ಒನ್, ಟೂ, ತ್ರೀ’ ಅನ್ನೋ ಹಾಗಿಲ್ಲ. ಮೊದಲ ಪಿಟೀಲಿನವಳು ಮೂಗಿನಿಂದ ಒಂದು ಉಸಿರೆಳೆದು ತಲೆ ಸ್ವಲ್ಪ ಎತ್ತುತ್ತಾಳೆ. ಆ ಉಸಿರು ಎಷ್ಟು ಉದ್ದವೋ ಅದೇ ಲಯ. ಉಳಿದ ಮೂವರು ಹಾಳೆ ಬಿಟ್ಟು ಅವಳ ಮುಖ ನೋಡಲೇಬೇಕು.

ಪಿಯಾನೊ ಕಲಿಯುವ ಮಕ್ಕಳಿಗೆ ಇದು ಎಲ್ಲರಿಗಿಂತ ಕಷ್ಟ. ಪಿಟೀಲಿನ ಮಗು ಶಾಲೆಯ ಆರ್ಕೆಸ್ಟ್ರಾದಲ್ಲಾದರೂ ನಾಲ್ಕು ಜನರ ಜೊತೆ ಕೂತಿರುತ್ತೆ. ಪಿಯಾನೊದ್ದು ಒಂಟಿ ಬಾಳು, ಮನೆಯಲ್ಲಿ ಗೋಡೆಗೆ ಮುಖ ಮಾಡಿ ನುಡಿಸಿಯೇ ಅಭ್ಯಾಸ. ತಪ್ಪಾದರೆ ನಿಂತು, ಹಿಂದೆ ಹೋಗಿ, ಮತ್ತೆ ಶುರುಮಾಡುವ ಚಾಳಿ. ಇಲ್ಲಿ ನಿಂತರೆ ಬಂಡಿ ಮುಂದೆ ಹೋಗಿಬಿಡುತ್ತೆ! ಅದರ ಮೇಲೆ ಪಿಯಾನೊ ದನಿ ದೊಡ್ಡದು, ಪಿಟೀಲನ್ನು ನುಂಗಿಹಾಕದ ಹಾಗೆ ನುಡಿಸಬೇಕು. ಅನುಕೂಲವೂ ಒಂದಿದೆ. ತಂತಿವಾದ್ಯದ ಮಕ್ಕಳ ಹಾಳೆಯಲ್ಲಿ ಅವರವರ ಭಾಗ ಮಾತ್ರ ಇದ್ದರೆ, ಪಿಯಾನೊ ಹಾಳೆಯಲ್ಲಿ ಎಲ್ಲರ ಭಾಗವೂ ಮೇಲೆ ಸಣ್ಣಕ್ಷರದಲ್ಲಿರುತ್ತೆ. ಯಾರು ಎಲ್ಲಿ ದಾರಿ ತಪ್ಪಿದರು ಅಂತ ಕಣ್ಣಾರೆ ಕಾಣೋದು ಆ ಮಗುವಿಗೇ. ಪಿಯಾನೊ ಶ್ರುತಿಯನ್ನು ಅಲ್ಲಿ ಕೂತು ಬದಲಾಯಿಸೋಕೆ ಆಗಲ್ಲವಾದ್ದರಿಂದ ಉಳಿದವರೆಲ್ಲ ಅದಕ್ಕೇ ಶ್ರುತಿ ಮಾಡಿಕೊಳ್ಳಬೇಕು.

ನಮ್ಮ ಕಛೇರಿಗಳಲ್ಲಿ ಪಿಟೀಲು ಪಕ್ಕವಾದ್ಯ. ಗಾಯಕರ ಆಲಾಪನೆಯ ಹಿಂದೆಯೇ ನೆರಳಿನಂತೆ ಹೋಗಿ, ಆಮೇಲೆ ತನ್ನ ಸರದಿ ಬಂದಾಗ ಉತ್ತರ ಕೊಡುತ್ತೆ. ಇನ್ನೊಬ್ಬರನ್ನು ಕೇಳುತ್ತ ನುಡಿಸುವುದು ನಮಗೇನೂ ಹೊಸದಲ್ಲ. ನಮ್ಮದರಲ್ಲಿ ಮುಂದೇನು ಬರುತ್ತೋ ಗೊತ್ತಿರೋದಿಲ್ಲ, ಅವರದರಲ್ಲಿ ಬರೆದಿಟ್ಟಿರುತ್ತೆ. ಅಷ್ಟೇ ವ್ಯತ್ಯಾಸ.

ಎರಡು ಶಿಬಿರ, ಎರಡು ಗುಣ

ನ್ಯೂಯಾರ್ಕ್ ರಾಜ್ಯದ ಅಡಿರಾಂಡಾಕ್ ಬೆಟ್ಟಗಳಲ್ಲಿ 1944ರಲ್ಲಿ ಇವಾನ್ ಗ್ಯಾಲಮಿಯನ್ ಎಂಬ ಪಿಟೀಲು ಗುರುಗಳು ಮೆಡೊಮೌಂಟ್ ಎಂಬ ಬೇಸಿಗೆ ಶಾಲೆ ತೆರೆದರು. ತಂತಿವಾದ್ಯ, ಪಿಯಾನೊ ಕಲಿಯುವ ಮಕ್ಕಳು ವಾರಗಟ್ಟಲೆ ಅಲ್ಲೇ ಇರುತ್ತಾರೆ. ದಿನಕ್ಕೆ ನಾಲ್ಕೈದು ಗಂಟೆ ಅಭ್ಯಾಸ ಕಡ್ಡಾಯ. ಯಾವ ಕೋಣೆಯಿಂದ ಸದ್ದು ಬರುತ್ತಿಲ್ಲ ಅಂತ ಹೊರಗೆ ಓಡಾಡುತ್ತ ಗಮನಿಸುತ್ತಿದ್ದರಂತೆ! ಇಟ್ಜಾಕ್ ಪರ್ಲ್‌ಮನ್, ಚೆಲ್ಲೊದ ಯೊ-ಯೊ ಮಾ ಎಲ್ಲ ಅಲ್ಲಿ ಕಲಿತವರೇ. ಪೋಲಿಯೊದಿಂದಾಗಿ ಕೂತೇ ನುಡಿಸುವ ಪರ್ಲ್‌ಮನ್, ಹೆಂಡತಿ ಟೋಬಿಯನ್ನು ಕಂಡದ್ದೂ ಅಲ್ಲೇ. ಅವರೂ ಪಿಟೀಲುಗಾರ್ತಿ.

ಇದೇ ಟೋಬಿ 1994ರಲ್ಲಿ ತಮ್ಮದೇ ಕಾರ್ಯಕ್ರಮ ಶುರುಮಾಡಿದರು. ಈಗ ಅದು ನ್ಯೂಯಾರ್ಕ್ ಬಳಿಯ ಶೆಲ್ಟರ್ ಐಲೆಂಡ್‌ನಲ್ಲಿದೆ. ಪೈಪೋಟಿಗಿಂತ ಮಕ್ಕಳು ಒಬ್ಬರಿಗೊಬ್ಬರು ಆಸರೆಯಾಗಬೇಕು ಅನ್ನೋದು ಅಲ್ಲಿಯ ರೀತಿ. ಪಿಟೀಲು, ಚೆಲ್ಲೊ ಕಲಿಯಲು ಬಂದ ಮಕ್ಕಳೆಲ್ಲ ಒಟ್ಟಿಗೆ ನಿಂತು ಹಾಡಲೇಬೇಕು, ದನಿ ಹೇಗೇ ಇರಲಿ. ನನಗಂತೂ ಇದು ಬಲು ಇಷ್ಟವಾಯಿತು. ಹಾಡಿದ ಮಗುವಿಗೆ ಸ್ವರ ಎಲ್ಲಿ ಉಸಿರಾಡುತ್ತೆ ಅನ್ನೋದು ಕಮಾನು ಹಿಡಿದಾಗಲೂ ನೆನಪಿರುತ್ತೆ.

ಎರಡರಲ್ಲಿ ಯಾವುದು ಮೇಲು ಅನ್ನೋ ಪ್ರಶ್ನೆಗಿಂತ ನಿಮ್ಮ ಮಗು ಎಂಥದ್ದು ಅಂತ ನೋಡಿ. ಐದು ಗಂಟೆ ಒಂಟಿಯಾಗಿ ಕೂರುವ ಮಗುವೂ ಇದೆ, ಎರಡನೇ ದಿನಕ್ಕೇ ಅಳುವ ಮಗುವೂ ಇದೆ.

ಕಳಿಸುವ ಮುನ್ನ

ವಸತಿ ಶಿಬಿರವಾದರೆ ಸಂಕೋಚಪಡದೆ ಕೇಳಬೇಕಾದ ಮೊದಲ ಪ್ರಶ್ನೆ: ಒಬ್ಬೊಬ್ಬರಿಗೇ ಪಾಠ ನಡೆಯುವ ಕೋಣೆಗೆ ಗಾಜಿನ ಬಾಗಿಲಿದೆಯೇ? ರಾತ್ರಿ ಮಕ್ಕಳ ಜೊತೆ ಯಾರಿರುತ್ತಾರೆ? ದೂರು ಯಾರಿಗೆ ಕೊಡಬೇಕು? ಇಂಗ್ಲೆಂಡಿನಲ್ಲಿ ಮಕ್ಕಳ ಲೈಂಗಿಕ ಶೋಷಣೆ ಕುರಿತ ಸಾರ್ವಜನಿಕ ವಿಚಾರಣೆ 2022ರಲ್ಲಿ ವಸತಿ ಶಾಲೆಗಳ ಬಗ್ಗೆ ಕೊಟ್ಟ ವರದಿಯಲ್ಲಿ ಸಂಗೀತ ಶಾಲೆಗಳ ಒಂಟಿ ಪಾಠ, ಹೆಸರಾಂತ ಗುರುಗಳ ಮೇಲಿನ ಅತಿ ಅವಲಂಬನೆ ಎಂಥ ಅಪಾಯ ಅನ್ನೋದನ್ನು ಎತ್ತಿ ತೋರಿಸಿತು. ಗುರು ದೊಡ್ಡವರು ಅಂತ ಅಮ್ಮ ಬಾಯಿ ಮುಚ್ಚಿಕೊಂಡರೆ ಮಗು ಯಾರಿಗೆ ಹೇಳಬೇಕು? ಈ ಪ್ರಶ್ನೆ ಕೇಳಿದ್ದಕ್ಕೆ ಮುಖ ಗಂಟಿಕ್ಕುವ ಶಿಬಿರ ಬೇಡವೇ ಬೇಡ ಬಿಡಿ.

ಇನ್ನು ಮೈ ನೋವು. ಮನೆಯಲ್ಲಿ ಮುಕ್ಕಾಲು ಗಂಟೆ ನುಡಿಸುವ ಮಗು ಶಿಬಿರದಲ್ಲಿ ಏಕಾಏಕಿ ನಾಲ್ಕು ಗಂಟೆ ನುಡಿಸಿದರೆ ಮಣಿಕಟ್ಟು, ಭುಜ, ಕತ್ತು ಮೂರೂ ಹಿಡಿದುಕೊಳ್ಳುತ್ತವೆ. ಹೋಗುವ ಎರಡು ಮೂರು ವಾರ ಮೊದಲಿಂದ ದಿನದಿನಕ್ಕೂ ಸ್ವಲ್ಪ ಹೆಚ್ಚಿಸುತ್ತ ಬನ್ನಿ. ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಲಿ. ನೋವಾದರೂ ಹಲ್ಲುಕಚ್ಚಿ ನುಡಿಸು ಅಂತ ಖಂಡಿತ ಹೇಳಬೇಡಿ.

ಪಿಟೀಲನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಹತ್ತು ನಿಮಿಷವೂ ಬಿಡಬಾರದು. ಅಂಟು ಬಿಡುತ್ತೆ, ಮರ ಬಿರಿಯುತ್ತೆ. ನುಡಿಸಿದ ಮೇಲೆ ಕಮಾನಿನ ಕೂದಲು ಸಡಿಲಿಸಿ, ತಂತಿಯ ಮೇಲೆ ಬಿದ್ದ ರಾಳದ ಪುಡಿ ಒರೆಸುವ ಅಭ್ಯಾಸ ಮಾಡಿಸಿ. ಕುದುರೆ ನೆಟ್ಟಗಿದೆಯಾ, ಬಿರಡೆ ಜಾರುತ್ತಾ ಅಂತ ಹೊರಡುವ ಮೊದಲೇ ರಿಪೇರಿಯವರಿಗೆ ತೋರಿಸಿ. ಒಂದು ಜೊತೆ ತಂತಿ ಹೆಚ್ಚಿಗೆ ಇರಲಿ, ಎಲ್ಲಕ್ಕಿಂತ ತೆಳ್ಳಗಿನ ಮೇಲಿನ ತಂತಿಯಂತೂ ಎರಡಿರಲಿ. ವಿಮಾನವಾದರೆ, 2015ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಅಮೆರಿಕದ ವಿಮಾನ ಕಂಪನಿಗಳು ಮೇಲಿನ ಗೂಡಿನಲ್ಲಿ ಜಾಗವಿದ್ದರೆ ಪಿಟೀಲನ್ನು ಒಳಗೆ ಬಿಡಬೇಕು. ಚೆಲ್ಲೊಗೆ ಮಾತ್ರ ಪ್ರತ್ಯೇಕ ಸೀಟು, ಪ್ರತ್ಯೇಕ ಟಿಕೆಟ್ಟು!

ಖರ್ಚು ಕಡಿಮೆಯೇನಲ್ಲ. ಕೆಲವು ವಾರಗಳ ವಸತಿ ಶಿಬಿರಕ್ಕೆ ಸಾವಿರಾರು ಡಾಲರ್ ಆಗುತ್ತೆ. ಬಹಳ ಕಡೆ ಧನಸಹಾಯ ಇದೆ, ಅರ್ಜಿ ಹಾಕುವಾಗಲೇ ಕೇಳಿ.

ಇಲ್ಲೇ ಇರುವ ನಾವೇನು ಮಾಡಬಹುದು? ಈ ಸಂಗೀತ ಕರ್ನಾಟಕಕ್ಕೆ ಅಪರಿಚಿತವೇನಲ್ಲ. ಮೈಸೂರಿನ ಜಯಚಾಮರಾಜ ಒಡೆಯರ್ ಸ್ವತಃ ಪಿಯಾನೊ ಕಲಿತವರು, 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದವರು. 1987ರಲ್ಲಿ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಶುರುವಾಯಿತು. ಆದರೂ ನಮ್ಮಲ್ಲಿ ಬಹಳಷ್ಟು ಮಕ್ಕಳು ಗ್ರೇಡ್ ಪರೀಕ್ಷೆಗೆ ಒಂಟಿಯಾಗಿ ಮೂರು ತುಣುಕು ಉರುಹೊಡೆದು, ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ನಿಲ್ಲಿಸಿಬಿಡುತ್ತಾರೆ. ಯಾರ ಜೊತೆಗೂ ನುಡಿಸಿಯೇ ಇರೋದಿಲ್ಲ.

ನಿಮ್ಮ ಅಪಾರ್ಟ್‌ಮೆಂಟಿನಲ್ಲೇ ಹುಡುಕಿ. ಒಂದು ಮನೆಯಲ್ಲಿ ಕೀಬೋರ್ಡು, ಇನ್ನೊಂದರಲ್ಲಿ ವಯೊಲಿನ್ ಇದ್ದೇ ಇರುತ್ತೆ. ಹೈಡನ್, ಮೊಜಾರ್ಟ್ ಕಾಲದ ಸಂಗೀತಕ್ಕೆ ಕಾಪಿರೈಟ್ ಇಲ್ಲ, ಹಳೆಯ ಮುದ್ರಣದ ಹಾಳೆಗಳನ್ನು ಪುಕ್ಕಟೆ ಇಳಿಸಿಕೊಳ್ಳಬಹುದು. ಮಕ್ಕಳ ಮಟ್ಟಕ್ಕೆ ಯಾವುದು ಸರಿ ಅಂತ ಅವರ ಟೀಚರನ್ನು ಕೇಳಿ, ವಾರಕ್ಕೊಂದು ಸಂಜೆ ಯಾರದಾದರೂ ಹಾಲ್‌ನಲ್ಲಿ ಕೂರಿಸಿ. ಮೊದಲ ನಾಲ್ಕು ವಾರ ಕಿವಿಗೆ ಹಿಂಸೆ, ಮೊದಲೇ ಹೇಳಿಬಿಡ್ತೀನಿ. ಟೀವಿ ಆರಿಸಿ, ನೀವು ಅಡುಗೆ ಮನೆಯಲ್ಲೇ ಇರಿ, ತಿದ್ದೋಕೆ ಹೋಗಬೇಡಿ. ಅಂದಹಾಗೆ ಒಂದೊಂದು ಪೆನ್ಸಿಲ್ ಕೊಡಿ, ಪೆನ್ನು ಬೇಡ. ಯಾರು ಎಲ್ಲಿ ಉಸಿರೆಳೆಯಬೇಕು ಅನ್ನೋ ಗುರುತು ವಾರವಾರಕ್ಕೂ ಬದಲಾಗುತ್ತಿರುತ್ತೆ.