ಅಳತೆಗೆ ನಿಲುಕದ ಕರ್ಣ

ಭಾಲ್ಕಿ ತಾಲ್ಲೂಕಿನ ಮೆಹಕರದಲ್ಲಾಗಲಿ ನಮ್ಮ ನಾಡಿನ ಬೇರೆ ಅನೇಕ ಊರುಗಳಲ್ಲಾಗಲಿ ಹೊಲದ ಲೆಕ್ಕವನ್ನು ಎಕರೆ ಗುಂಟೆಗಳಲ್ಲಿ ಹೇಳುವರಷ್ಟೆ. ಒಂದು ಗುಂಟೆಯೆಂದರೆ 1,089 ಚದರಡಿ. ಅದನ್ನು ಚೌಕವಾಗಿ ಗುರುತಿಸಿದರೆ ಒಂದೊಂದು ಬದಿ 33 ಅಡಿ. ಈ ಚೌಕದ ಒಂದು ಮೂಲೆಯಿಂದ ಎದುರು ಮೂಲೆಗೆ ಹಗ್ಗ ಹಿಡಿದರೆ ಅದರ ಉದ್ದವೆಷ್ಟು?

ಅಳೆದವರು 46 ಅಡಿ 8 ಅಂಗುಲವೆನ್ನುವರು. ಪರೀಕ್ಷಿಸಿ ನೋಡೋಣ. ಕರ್ಣದ ವರ್ಗವು ಬದಿಯ ವರ್ಗದ ಇಮ್ಮಡಿಯಾಗಿರಬೇಕು. ಅಂಗುಲಗಳಲ್ಲಿ ಬದಿ 396. ಅದರ ವರ್ಗದ ಇಮ್ಮಡಿ 3,13,632. ಕರ್ಣ 560, ಅದರ ವರ್ಗ 3,13,600. 32 ಚದರಂಗುಲ ಕಡಮೆಯಾಯಿತು. ಅಂಗುಲವನ್ನು ನೂರಾಗಿ, ಸಾವಿರವಾಗಿ ಸೀಳಿ ಅಳೆದರೆ ಈ ಕೊರತೆ ತೀರೀತೆ? ಕಿರಿದಾದೀತು, ತೀರದು.

ಕಾರಣವನ್ನು ವಿಚಾರಿಸೋಣ. ಕರ್ಣವನ್ನೂ ಬದಿಯನ್ನೂ ಒಂದೇ ಮಾನದಿಂದ ಶೇಷವಿಲ್ಲದೆ ಅಳೆಯಬಹುದೆಂದು ಇಟ್ಟುಕೊಳ್ಳೋಣ. ಆಗ ಎರಡೂ ಪೂರ್ಣಾಂಕಗಳಾಗುವುವು. ಎರಡೂ ಸಮಸಂಖ್ಯೆಗಳಾದರೆ, ಒಂದಾದರೂ ಬೆಸವಾಗುವ ತನಕ ಎರಡನ್ನೂ ಅರ್ಧಿಸುತ್ತ ಹೋಗೋಣ. ಕರ್ಣದ ವರ್ಗ ಬದಿಯ ವರ್ಗದ ಇಮ್ಮಡಿಯಾದುದರಿಂದ ಅದು ಸಮ. ಬೆಸದ ವರ್ಗ ಬೆಸವೇ ಆಗುವುದರಿಂದ, ಕರ್ಣವೂ ಸಮವೇ. ಸಮಸಂಖ್ಯೆಯ ವರ್ಗವನ್ನು ನಾಲ್ಕು ನಿಶ್ಶೇಷವಾಗಿ ಭಾಗಿಸುತ್ತದೆ. ಆದುದರಿಂದ ಅದರ ಅರ್ಧವಾದ ಬದಿಯ ವರ್ಗವೂ ಸಮ, ಬದಿಯೂ ಸಮ. ಒಂದಾದರೂ ಬೆಸವೆಂದು ಹೊರಟೆವು. ಎರಡೂ ಸಮವೆಂದು ಬಂದಿತು. ಆದುದರಿಂದ ನಾವು ಇಟ್ಟುಕೊಂಡ ಮಾತೇ ಸಲ್ಲದು. ಕೊರತೆ ಅಳೆಯುವವನ ಕೈಯದಲ್ಲ, ಹಗ್ಗದ್ದೂ ಅಲ್ಲ. ಅಂತಹ ಮಾನವೇ ಇಲ್ಲ.

ಪೂರ್ಣಾಂಕವೊಂದನ್ನು ಸೊನ್ನೆಯಲ್ಲದ ಇನ್ನೊಂದು ಪೂರ್ಣಾಂಕದಿಂದ ಭಾಗಿಸಿ ಪಡೆಯಬಹುದಾದವು ಭಾಗಲಬ್ಧ ಸಂಖ್ಯೆಗಳು. ಹಾಗೆ ಪಡೆಯಲಾಗದವು ಅಭಾಗಲಬ್ಧಗಳು. ದಶಮಾಂಶದಲ್ಲಿ ಈ ಭೇದ ಕಣ್ಣಿಗೆ ಕಾಣುವುದು. ಒಂದನ್ನು ಏಳರಿಂದ ಭಾಗಿಸಿದರೆ 0.142857142857… ಎಂದು ಅದೇ ಆರು ಅಂಕಗಳು ಮರಳಿ ಮರಳಿ ಬರುವುವು. ಏಳರಿಂದ ಭಾಗಿಸುವಾಗ ಉಳಿಯಬಹುದಾದ ಶೇಷಗಳು ಕೆಲವೇ ಆದುದರಿಂದ, ಹಿಂದೆ ಬಂದ ಶೇಷ ಮತ್ತೆ ಬಂದೇ ತೀರಬೇಕು. ಎರಡರ ವರ್ಗಮೂಲವಾದರೋ 1.41421356… ಎಂದು ಮುಂದುವರಿದು, ಎಲ್ಲಿಯೂ ಮುಗಿಯದು, ಎಂದಿಗೂ ಆವರ್ತಿಸದು.

ಈ ವಿವೇಚನೆಗೆ ಹತ್ತಿರವಾದುದೊಂದು ಎಚ್ಚರ ನಮ್ಮ ನಾಡಿನಲ್ಲಿಯೂ ಇದ್ದಿತು. ಬೀದರಿನ ನೆರೆಯ ಕಲಬುರಗಿ ಜಿಲ್ಲೆಯ ಮಳಖೇಡವೇ ಹಿಂದಿನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ವೃತ್ತದ ವ್ಯಾಸವನ್ನು 3ರಿಂದ ಗುಣಿಸಿದರೆ ಬರುವ ಪರಿಧಿ ವ್ಯವಹಾರಕ್ಕೆ, ಹತ್ತರ ವರ್ಗಮೂಲದಿಂದ ಗುಣಿಸಿದರೆ ಬರುವುದು ಸೂಕ್ಷ್ಮಗಣನೆಗೆ ಎಂದು ಆತನು ಎರಡನ್ನೂ ಬೇರೆ ಬೇರೆಯಾಗಿ ಹೇಳಿದನು. ಹತ್ತರ ವರ್ಗಮೂಲ 3.1622…, ನಿಜವಾದ ಪ್ರಮಾಣ 3.1415…. ಆ ಸೂಕ್ಷ್ಮವೂ ಸಮೀಪದ ಬೆಲೆಯೇ ಆಯಿತು. ಪರಿಧಿ–ವ್ಯಾಸಗಳ ಪ್ರಮಾಣವೂ ಅಭಾಗಲಬ್ಧವೆಂದು ಲ್ಯಾಂಬರ್ಟನು 1761ರಲ್ಲಿ ಸಾಧಿಸಿ ತೋರಿಸಿದನು.

ಗುಂಟೆಯ ವ್ಯವಹಾರಕ್ಕೆ 46 ಅಡಿ 8 ಅಂಗುಲ ಧಾರಾಳವಾಗಿ ಸಾಕು. ಆದರೆ ಸಾಕಾದುದು ಬೇರೆ, ಸರಿಯಾದುದು ಬೇರೆ. ಎಷ್ಟು ಅಂಕಗಳವರೆಗೆ ನಂಬಬಹುದೆಂಬುದನ್ನು ತಿಳಿದು ಸಮೀಪದ ಬೆಲೆಯನ್ನು ಬಳಸುವುದರಲ್ಲಿ ದೋಷವಿಲ್ಲ. ಅದನ್ನೇ ಪೂರ್ಣಸತ್ಯವೆಂದು ಬಗೆಯುವುದು ಮಾತ್ರ ಕೂಡದು.