ಹಿಂದಕ್ಕೆ ಸರಿಯಬೇಕಾದ ಹಾಯಿದೋಣಿ

ಸೋಲೂರಿನ ಸುತ್ತಮುತ್ತಲ ತೋಟಗಳಲ್ಲಿ ಪಂಪ್‌ಸೆಟ್ಟು ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ಒಂದು ಸಂಗತಿಯಿಂದ ಆರಂಭಿಸೋಣ. ಟ್ರಾನ್ಸ್‌ಫಾರ್ಮರ್ ರಿಪೇರಿಯಾದ ಮೇಲೆ ಕೆಲವೊಮ್ಮೆ ಮೂರು ಫೇಸುಗಳಲ್ಲಿ ಎರಡು ಅದಲುಬದಲಾಗಿರುತ್ತವೆ. ಸ್ವಿಚ್ಚು ಹಾಕಿದರೆ ಮೋಟಾರು ಎಂದಿನಂತೆ ಸದ್ದು ಮಾಡುತ್ತದೆ, ತಿರುಗುತ್ತದೆ. ಪೈಪಿನ ಬಾಯಲ್ಲಿ ಮಾತ್ರ ನೀರು ಸಣ್ಣಗೆ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. “ಉಲ್ಟಾ ತಿರುಗ್ತಾ ಇದೆ” ಎಂದು ಅನುಭವಸ್ಥರು ಕೂಡಲೇ ಹೇಳಿಬಿಡುತ್ತಾರೆ. ಪಂಪಿನೊಳಗಿನ ಚಕ್ರದ ರೆಕ್ಕೆಗಳು ಒಂದೇ ದಿಕ್ಕಿಗೆಂದು ಬಾಗಿಸಿದವು. ಎದುರು ದಿಕ್ಕಿಗೆ ತಿರುಗಿಸಿದರೆ ವಿದ್ಯುತ್ ಖರ್ಚಾಗುತ್ತದೆ, ಕೆಲಸ ಆಗುವುದಿಲ್ಲ.

ಸೋಲೂರಿನ ಮೇಲೆ ಹಾದುಹೋಗುವ ಹೆದ್ದಾರಿಯನ್ನೇ ಹಿಡಿದು ಕುಣಿಗಲ್, ಹಾಸನ, ಶಿರಾಡಿ ಘಾಟಿ ದಾಟಿದರೆ ಮಂಗಳೂರು. ಅಲ್ಲಿ ಗುರುಪುರ ನದಿಯ ದಡದ ಹಳೆಯ ಬಂದರಿನಲ್ಲಿ ದೋಣಿಗಳನ್ನು ನಿಲ್ಲಿಸುವ ಕಟ್ಟೆಗೆ ಧಕ್ಕೆ ಎನ್ನುತ್ತಾರೆ. ಧಕ್ಕೆಗೆ ಧಕ್ಕೆಯಾಗದಂತೆ ದೋಣಿ ನಿಲ್ಲಿಸುವುದು ಸುಲಭವಲ್ಲ. ಬಸ್ಸಿಗೆ ಬ್ರೇಕು ಇದೆ, ಚಕ್ರಕ್ಕೆ ರಸ್ತೆಯ ಹಿಡಿತ ಇದೆ. ದೋಣಿಗೆ ಎರಡೂ ಇಲ್ಲ. ಪ್ರೊಪೆಲ್ಲರನ್ನು ಹಿಂದುಮುಂದಾಗಿ ತಿರುಗಿಸಿ ನೀರನ್ನು ಮುಂದಕ್ಕೆ ತಳ್ಳುವುದೇ ಅದರ ಬ್ರೇಕು.

ಭೌತಶಾಸ್ತ್ರದ ಪುಸ್ತಕ ತೆರೆದು ಒಂದು ಲೆಕ್ಕ ಮಾಡಿ. 10 ಟನ್ ತೂಕದ ಹಾಯಿದೋಣಿ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಧಕ್ಕೆಯತ್ತ ಬರುತ್ತಿದೆ. ಮನುಷ್ಯ ಬಿರುಸಾಗಿ ನಡೆಯುವ ವೇಗ ಅಷ್ಟೆ. ಅದರ ಚಲನಶಕ್ತಿ 20,000 ಜೌಲ್. 10 ಮೀಟರ್ ಒಳಗೆ ನಿಲ್ಲಿಸಬೇಕಾದರೆ 2,000 ನ್ಯೂಟನ್ ಬಲ ಬೇಕು. ಹಿಮ್ಮುಖದಲ್ಲಿ ಪ್ರೊಪೆಲ್ಲರ್ 1,000 ನ್ಯೂಟನ್ ಮಾತ್ರ ಕೊಟ್ಟರೆ ನಿಲ್ಲಲು 20 ಮೀಟರ್ ಬೇಕು. ಧಕ್ಕೆ ಇರುವುದು 12 ಮೀಟರ್ ದೂರದಲ್ಲಾದರೆ? ಕೈಚಾಚಿ ದೋಣಿಯನ್ನು ತಡೆಯಹೋದವರ ಬೆರಳು, ಕಾಲು ಜಜ್ಜಿಹೋಗುವುದು ಇಂತಹ ಗಳಿಗೆಯಲ್ಲೇ.

ಮೀನುಗಾರಿಕೆಯ ಯಾಂತ್ರಿಕ ದೋಣಿಗೆ ಈ ವಿಷಯದಲ್ಲಿ ಗೊಂದಲವಿಲ್ಲ. ಅದು ಸದಾ ಎಂಜಿನ್ನಿನ ಬಲದಿಂದಲೇ ಸಾಗುವುದರಿಂದ ಅಗಲ ರೆಕ್ಕೆಗಳ, ಅಲುಗಾಡದ ಪ್ರೊಪೆಲ್ಲರ್ ಸಾಕು. ಹಾಯಿದೋಣಿಯ ಕಷ್ಟ ಬೇರೆ. ಅದು ಬಹುಕಾಲ ಗಾಳಿಯಿಂದ ಓಡುತ್ತದೆ. ಆಗ ಸುಮ್ಮನಿರುವ ಪ್ರೊಪೆಲ್ಲರ್ ನೀರನ್ನು ತಡೆದು ವೇಗವನ್ನು ತಿನ್ನುತ್ತದೆ. ಇದು ಹಳೆಯ ತೊಡಕು. 1860ರಲ್ಲಿ ನೀರಿಗಿಳಿದ ಬ್ರಿಟನ್ನಿನ ‘ವಾರಿಯರ್’ ಯುದ್ಧನೌಕೆಯಲ್ಲಿ ಹಾಯಿ ಬಿಚ್ಚಿದಾಗ ಪ್ರೊಪೆಲ್ಲರನ್ನೇ ಮೇಲಕ್ಕೆ ಎತ್ತಿಡುವ ಏರ್ಪಾಡಿತ್ತು. ಆ ಭಾರವನ್ನು ಎಳೆಯಲು ನೂರಾರು ನಾವಿಕರು ಬೇಕಾಗುತ್ತಿದ್ದರು.

ಇಂದಿನ ದೋಣಿಗಳಲ್ಲಿ ಮೂರು ದಾರಿಗಳಿವೆ. ಸ್ಥಿರ ರೆಕ್ಕೆಯದು ಅಗ್ಗ, ಗಟ್ಟಿ. ಮೂರು ರೆಕ್ಕೆಯದಾದರೆ ಹಿಮ್ಮುಖದಲ್ಲಿ ತಕ್ಕಮಟ್ಟಿಗೆ ಎಳೆಯುತ್ತದೆ, ಆದರೆ ಹಾಯಿಯ ಓಟಕ್ಕೆ ಅಡ್ಡಿ. ಎರಡನೆಯದು ಮಡಚುವ ಪ್ರೊಪೆಲ್ಲರ್. ಎಂಜಿನ್ ನಿಂತಾಗ ಇದರ ರೆಕ್ಕೆಗಳು ಹೂವಿನ ಮೊಗ್ಗಿನಂತೆ ಹಿಂದಕ್ಕೆ ಮುಚ್ಚಿಕೊಳ್ಳುತ್ತವೆ, ನೀರಿಗೆ ತಡೆಯೇ ಇಲ್ಲದಷ್ಟು. ಮುಂದಕ್ಕೆ ಹೋಗುವಾಗ ತಿರುಗುವ ರಭಸವೂ ನೀರಿನ ಒತ್ತಡವೂ ಸೇರಿ ಅವನ್ನು ಬಿಚ್ಚಿಡುತ್ತವೆ. ಹಿಂದಕ್ಕೆ ಹೋಗುವಾಗ ನೋಡಿ: ನೀರಿನ ಒತ್ತಡ ರೆಕ್ಕೆಗಳನ್ನು ಮುಚ್ಚಲು ನೋಡುತ್ತದೆ, ತಿರುಗುವ ರಭಸವೊಂದೇ ಅವನ್ನು ತೆರೆದಿಡಬೇಕು. ಹಾಗಾಗಿ ಹಳೆಯ ಮಾದರಿಗಳು ಹಿಮ್ಮುಖದಲ್ಲಿ ಬಲಹೀನ. ರೆಕ್ಕೆಗಳನ್ನು ಹಲ್ಲುಚಕ್ರದಿಂದ ಬೆಸೆದು, ಭಾರವನ್ನೂ ಹೆಚ್ಚಿಸಿದ ಹೊಸ ಮಾದರಿಗಳು ಎಷ್ಟೋ ವಾಸಿ.

ಮೂರನೆಯದು ನನಗೆ ಎಲ್ಲಕ್ಕಿಂತ ಸೊಗಸಾಗಿ ಕಾಣುವ ಹೊರಳು ರೆಕ್ಕೆಯ ಪ್ರೊಪೆಲ್ಲರ್. ಹಾಯಿಯಲ್ಲಿ ಸಾಗುವಾಗ ಇದರ ರೆಕ್ಕೆಗಳು ನೀರಿನ ಹರಿವಿಗೆ ಅಂಚು ಕೊಟ್ಟು ನಿಲ್ಲುತ್ತವೆ. ಹಿಮ್ಮುಖಕ್ಕೆ ಗೇರು ಹಾಕಿದೊಡನೆ ತಮ್ಮ ಅಕ್ಷದ ಮೇಲೆ ತಾವೇ ಹೊರಳಿ, ಮುಂದಕ್ಕೆ ಹೋಗುವಾಗ ನೀರನ್ನು ಸೀಳುತ್ತಿದ್ದ ಅಂಚೇ ಈಗಲೂ ಮೊದಲು ಬರುವಂತೆ ಮಾಡಿಕೊಳ್ಳುತ್ತವೆ. ಅಂದರೆ ನಮ್ಮ ತೋಟದ ಪಂಪಿಗೆ ಸಾಧ್ಯವಾಗದ್ದನ್ನು ಇದು ಸಾಧಿಸುತ್ತದೆ. ರೆಕ್ಕೆ ಬಹುಮಟ್ಟಿಗೆ ಚಪ್ಪಟೆಯಾಗಿರಬೇಕಾದ್ದರಿಂದ ಮುಂದಕ್ಕೆ ಹೋಗುವಾಗ ಸ್ವಲ್ಪ ನಷ್ಟ, ಬೆಲೆ ಹೆಚ್ಚು, ಒಳಗಿನ ಚಕ್ರಗಳಿಗೆ ಆಗಾಗ ಗ್ರೀಸು ತುಂಬಬೇಕು.

ನಿಲ್ಲುವುದು ಒಂದು ಪಾಡಾದರೆ, ನೇರವಾಗಿ ಹಿಂದೆ ಸರಿಯುವುದು ಇನ್ನೊಂದು ಪಾಡು. ಮುಂದಕ್ಕೆ ಹೋಗುವಾಗ ಪ್ರೊಪೆಲ್ಲರ್ ಚಿಮ್ಮಿಸಿದ ನೀರು ಅದರ ಹಿಂದಿರುವ ಚುಕ್ಕಾಣಿಗೆ ಬಡಿಯುವುದರಿಂದ ದೋಣಿ ಹೇಳಿದಂತೆ ಕೇಳುತ್ತದೆ. ಹಿಮ್ಮುಖದಲ್ಲಿ ನೀರು ಮುಂದಕ್ಕೆ ಚಿಮ್ಮುತ್ತದೆ, ಚುಕ್ಕಾಣಿಗೆ ಏನೂ ಸಿಗುವುದಿಲ್ಲ. ಸಾಲದ್ದಕ್ಕೆ ಆ ನೀರು ತಳದ ಒಂದು ಬದಿಗೆ ಬಡಿದು ದೋಣಿಯ ಹಿಂಭಾಗವನ್ನು ಪಕ್ಕಕ್ಕೆ ಎಳೆಯುತ್ತದೆ. ಮುಂದಕ್ಕೆ ಹೋಗುವಾಗ ಹಿಂದಿನಿಂದ ನೋಡಿದರೆ ಗಡಿಯಾರದಂತೆ ತಿರುಗುವ ಪ್ರೊಪೆಲ್ಲರ್ ಇದ್ದರೆ, ಹಿಮ್ಮುಖದಲ್ಲಿ ಹಿಂಭಾಗ ಎಡಕ್ಕೆ ವಾಲುತ್ತದೆ. ಪ್ರೊಪೆಲ್ಲರಿನ ದಂಡ ಇಳಿಜಾರಾಗಿದ್ದರೆ ಈ ಚಾಳಿ ಹೆಚ್ಚು, ನೀರಿಗೆ ಸಮತಲವಾಗಿದ್ದರೆ ಕಡಿಮೆ. ಇಲ್ಲೊಂದು ಮಾತು ನೆನಪಿಡಬೇಕು: ಒಳ್ಳೆಯ ಪ್ರೊಪೆಲ್ಲರ್ ಈ ಎಳೆತವನ್ನು ಅಳಿಸುವುದಿಲ್ಲ, ದೋಣಿಗೆ ಬೇಗ ಹಿಮ್ಮುಖ ವೇಗ ಕೊಟ್ಟು, ಚುಕ್ಕಾಣಿಗೆ ಬೇಗ ಜೀವ ತರುತ್ತದೆ. ಬಳಿಕ ಎಂಜಿನ್ನನ್ನು ನ್ಯೂಟ್ರಲ್‌ಗೆ ತಂದರೆ ಎಳೆತ ನಿಂತು ಚುಕ್ಕಾಣಿಯೊಂದೇ ಕೆಲಸ ಮಾಡುತ್ತದೆ.

ನೆರೆಯ ಗೋವೆಯಲ್ಲಿ ಕಟ್ಟಿದ, 56 ಅಡಿ ಉದ್ದದ ನೌಕಾಪಡೆಯ ‘ತಾರಿಣಿ’ ಹಾಯಿದೋಣಿಯಲ್ಲಿ 2017–18ರಲ್ಲಿ ಆರು ಮಂದಿ ಮಹಿಳಾ ಅಧಿಕಾರಿಗಳು ಭೂಪ್ರದಕ್ಷಿಣೆ ಮಾಡಿದರು. 2024ರ ಅಕ್ಟೋಬರ್ 2ರಂದು ಅದೇ ದೋಣಿಯಲ್ಲಿ ಹೊರಟು 2025ರ ಮೇ 29ರಂದು ಮರಳಿದವರು ಇಬ್ಬರೇ: ದಿಲ್ನಾ ಕೆ. ಮತ್ತು ರೂಪಾ ಎ. ಇಬ್ಬರೇ ಇದ್ದಾಗ ಬಂದರು ಸೇರುವ ಹೊತ್ತಿನಲ್ಲಿ ಒಬ್ಬರು ಚುಕ್ಕಾಣಿ ಹಿಡಿಯಬೇಕು, ಇನ್ನೊಬ್ಬರು ಹಗ್ಗ. ಮೂರನೆಯ ಕೈ ಇಲ್ಲ. ಸಾವಿರಾರು ಮೈಲಿ ಹಾಯಿಯಲ್ಲಿ ಓಡುವವರಿಗೆ ಸ್ಥಿರ ರೆಕ್ಕೆಯ ತಡೆಯೂ ಬೇಡ, ಧಕ್ಕೆಯ ಬಳಿ ಕೈಕೊಡುವ ರೆಕ್ಕೆಯೂ ಬೇಡ. ಇಂತಹ ಪಯಣಕ್ಕೆ ಹೊರಳು ರೆಕ್ಕೆಯೇ ಸರಿಯೆಂದು ನನ್ನ ಅಭಿಪ್ರಾಯ. ಬಯಲಾದ ನೀರಿನಲ್ಲಿ ಪಂದ್ಯಕ್ಕೆಂದೇ ಓಡುವ ದೋಣಿಗೆ ಮಡಚುವುದು ಸಾಕು.

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ. ಆಗ ಮಂಗಳೂರಿಗೋ ಮಲ್ಪೆಗೋ ಹೋದರೆ ದುರಸ್ತಿಗೆ ದಡ ಏರಿಸಿದ ದೋಣಿಯೊಂದರ ಹಿಂದೆ ನಿಂತು ಪ್ರೊಪೆಲ್ಲರನ್ನು ನೋಡಿ. ಮೇಲ್ಮುಖವಾದ ರೆಕ್ಕೆಯ ಬಲ ಅಂಚು ನಿಮ್ಮಿಂದ ದೂರ, ಎಡ ಅಂಚು ಹತ್ತಿರ ಇದ್ದರೆ ಅದು ಗಡಿಯಾರದಂತೆ ತಿರುಗುವ ಜಾತಿ. ಆ ದೋಣಿ ನೀರಿಗಿಳಿದು ಹಿಂದೆ ಸರಿಯುವಾಗ ಯಾವ ಕಡೆ ವಾಲುತ್ತದೆಂದು ಅದರ ಚಾಲಕರಿಗಿಂತ ಮೊದಲೇ ನೀವು ಹೇಳಬಹುದು.