ಅಂಗೈಯಲ್ಲಿ ಆಟ, ಕಣ್ಣಿಗೆ ಕಾಟ

‘ಅಥಣಿ’ ಎಂದು ಮೊಬೈಲಿನಲ್ಲಿ ಬರೆದು, ಅಕ್ಷರವನ್ನು ಸಣ್ಣದು ಮಾಡುತ್ತಾ ಹೋಗಿ. ಮೊದಲು ಮಾಯವಾಗುವುದು ‘ಥ’ದ ಹೊಟ್ಟೆಯೊಳಗಿನ ಚುಕ್ಕೆ, ಆಗ ಅದು ‘ಧ’. ಇನ್ನೂ ಇಳಿಸಿದರೆ ಕೆಳಗಿನ ಸೀಳು ಮುಚ್ಚಿಕೊಂಡು ‘ದ’. ‘ನಿಪ್ಪಾಣಿ’ಯ ಒತ್ತು ಒಂದು ಮಸಿ ಕಲೆಯಾಗಿ ಉಳಿಯುತ್ತದೆ, ‘ಚಿಕ್ಕೋಡಿ’ಯ ಒತ್ತೂ ಅಷ್ಟೆ. ಒತ್ತಿಲ್ಲದ ರಾಯಬಾಗ, ಕಾಗವಾಡ ಇನ್ನೊಂದಿಷ್ಟು ಹೊತ್ತು ತಾಳಿಕೊಳ್ಳುತ್ತವೆ.

ವಿಡಿಯೊ ಗೇಮ್‌ಗಳಲ್ಲಿ ಓದಲಾಗದಷ್ಟು ಸಣ್ಣ ಅಕ್ಷರ ಬರುತ್ತದೆ ಎಂಬ ದೂರು ಹಳೆಯದು. ಮೊದಲು ಅದು ಟಿವಿ ಮುಂದೆ ಕೂತವರ ದೂರಾಗಿತ್ತು. ಈಗ ಆಟ ಅಂಗೈಗೆ ಬಂದಿದೆ, ದೂರೂ ಹಿಂದೆಯೇ ಬಂದಿದೆ. ಬೆಳಗಾವಿ ಜಿಲ್ಲೆಯ ಈ ಗಡಿ ತಾಲ್ಲೂಕುಗಳಲ್ಲಿ ಗೇಮ್ ಎಂದರೆ ಬಹುಮಟ್ಟಿಗೆ ಮೊಬೈಲ್ ಗೇಮೇ. 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ಎಂಬ ಬಂದೂಕಿನ ಆಟ ದೇಶದಲ್ಲಿ ನಿಷೇಧವಾಯಿತು. 2021ರ ಜುಲೈನಲ್ಲಿ ಬಿಜಿಎಂಐ ಎಂಬ ಹೆಸರಿನಲ್ಲಿ ಅದೇ ಬಗೆಯ ಆಟ ಮರಳಿತು. ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಮೊಬೈಲ್ ಅಡ್ಡ ಹಿಡಿದು ಕೂತ ಹುಡುಗನ ಪರದೆ ನೋಡಿ: ಮೇಲೆ ದಿಕ್ಸೂಚಿಯ ಅಂಕಿಗಳು, ಬಲಮೂಲೆಯಲ್ಲಿ ನಕ್ಷೆ, ಕೆಳಗೆ ಬಂದೂಕಿನಲ್ಲಿ ಉಳಿದ ಗುಂಡುಗಳ ಲೆಕ್ಕ, ನಡುನಡುವೆ ಯಾರು ಯಾರನ್ನು ಹೊಡೆದರೆಂಬ ಇಂಗ್ಲಿಷ್ ಸಾಲುಗಳು. ಹುಡುಗರು ಅವನ್ನು ಓದುವುದಿಲ್ಲ, ಜಾಗ ಮತ್ತು ಬಣ್ಣದಿಂದಲೇ ಗುರುತು ಹಿಡಿಯುತ್ತಾರೆ. ಪಕ್ಕದಲ್ಲಿ ಇಣುಕುವ ಹಿರಿಯರಿಗೆ ಮಾತ್ರ ಅದು ಇರುವಿ ಹರಿದಾಡಿದಂಗ ಕಾಣತೈತಿ.

ಲೆಕ್ಕ ಹಾಕಿದರೆ ಹಿರಿಯರದೇ ಸರಿ. ಆರೂವರೆ ಇಂಚಿನ ಮೊಬೈಲನ್ನು ಅಡ್ಡ ಹಿಡಿದಾಗ ಪರದೆಯ ಎತ್ತರ ಏಳು ಸೆಂಟಿಮೀಟರೂ ಇರುವುದಿಲ್ಲ. ಆ ಎತ್ತರದಲ್ಲಿ 1080 ಪಿಕ್ಸೆಲ್ ತುಂಬಿದರೆ, ಕಂಪ್ಯೂಟರಿನಲ್ಲಿ 18 ಪಿಕ್ಸೆಲ್ ಗಾತ್ರದಲ್ಲಿ ಚೆಂದವಾಗಿ ಕಾಣುವ ಸಾಲಿಗೆ ಇಲ್ಲಿ ಸಿಗುವುದು ಒಂದು ಮಿಲಿಮೀಟರಿಗಿಂತ ತುಸು ಹೆಚ್ಚಿನ ಜಾಗ. ಪತ್ರಿಕೆಯ 10 ಪಾಯಿಂಟ್ ಅಕ್ಷರಕ್ಕೆ ಮೂರೂವರೆ ಮಿಲಿಮೀಟರ್ ಇರುತ್ತದೆ. ಅಂದರೆ ಆಟದ ಅಕ್ಷರ ಪತ್ರಿಕೆಯದರ ಮೂರನೇ ಒಂದು ಪಾಲು. ಬಸ್ಸಿನ ಕುಲುಕಾಟ, ಗೀರು ಬಿದ್ದ ಗಾಜು, ಮಟಮಟ ಮಧ್ಯಾಹ್ನದ ಬಿಸಿಲು ಇವೆಲ್ಲ ಆಮೇಲಿನ ಮಾತು.

ಟಿವಿಯ ಕಥೆಯೂ ಬೇರೆಯಲ್ಲ. ಕಣ್ಣಿನ ಡಾಕ್ಟರ ಬಳಿ ಗೋಡೆಗೆ ತೂಗುಹಾಕಿದ ಅಕ್ಷರಗಳ ಪಟ್ಟಿಯಲ್ಲಿ 6/6 ಎಂದು ಗುರುತಿಸಿದ ಸಾಲು ಇರುತ್ತದಲ್ಲ, ಚೆನ್ನಾಗಿರುವ ಕಣ್ಣು ಓದಬಲ್ಲ ಸಾಲು. ಹತ್ತಡಿ ದೂರದಿಂದ ನೋಡುವಾಗ ಅದಕ್ಕೆ ಸಮನಾದ ಅಕ್ಷರದ ಎತ್ತರ ಸುಮಾರು 4.4 ಮಿಲಿಮೀಟರ್. 1080 ಸಾಲಿನ 32 ಇಂಚಿನ ಟಿವಿಯಲ್ಲಿ 18 ಪಿಕ್ಸೆಲ್‌ನ ಇಂಗ್ಲಿಷ್ ದೊಡ್ಡಕ್ಷರ ಹೆಚ್ಚುಕಡಿಮೆ ಅಷ್ಟೇ ಎತ್ತರ. ಸಣ್ಣಕ್ಷರಗಳು ಅದಕ್ಕಿಂತ ಕಮ್ಮಿ. ಹಾಗಾದರೆ ಆಟಗಾರ ಇಡೀ ಸಂಜೆ ಕಣ್ಣಿನ ಪರೀಕ್ಷೆ ಕೊಡುತ್ತಲೇ ಕೂತಿರಬೇಕು.

2006ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಕಂಪನಿಯ ‘ಡೆಡ್ ರೈಸಿಂಗ್’ ಬಂದಾಗ ಈ ಗಲಾಟೆ ಜೋರಾಯಿತು. ಎಚ್‌ಡಿ ಟಿವಿಗೆಂದು ಬರೆದ ಅಕ್ಷರ ಹಳೆಯ ಡಬ್ಬಿ ಟಿವಿಗಳಲ್ಲಿ ಕಲಸಿಹೋಗುತ್ತಿತ್ತು, ಆಟದಲ್ಲಿ ಮುಂದೇನು ಮಾಡಬೇಕೆಂಬ ಸೂಚನೆಯನ್ನೇ ಓದಲಾಗುತ್ತಿರಲಿಲ್ಲ. ಎಲ್ಲರ ಮನೆಗೂ ಎಚ್‌ಡಿ ಟಿವಿ ಬಂದ ಮೇಲೂ ಕಾಯಿಲೆ ವಾಸಿಯಾಗಲಿಲ್ಲ. 2018ರ ‘ಗಾಡ್ ಆಫ್ ವಾರ್’, 2019ರ ‘ದಿ ಔಟರ್ ವರ್ಲ್ಡ್ಸ್’ ಎರಡಕ್ಕೂ ಅಕ್ಷರ ದೊಡ್ಡದು ಮಾಡುವ ಸೌಲಭ್ಯ ಬಂದದ್ದು ಬಿಡುಗಡೆಯಾದ ಮೇಲಿನ ಅಪ್‌ಡೇಟ್‌ಗಳಲ್ಲಿ, ಅದೂ ಜನ ಗದ್ದಲ ಮಾಡಿದ ನಂತರ. 2020ರಲ್ಲಿ ಮೈಕ್ರೊಸಾಫ್ಟ್ ತನ್ನ ಎಕ್ಸ್‌ಬಾಕ್ಸ್‌ಗೆ ಆಟ ಮಾಡುವವರಿಗಾಗಿ ಮಾರ್ಗಸೂಚಿ ಹೊರಡಿಸಿತು: 1080 ಸಾಲಿನ ಕಂಪ್ಯೂಟರ್ ಪರದೆಗೆ 18 ಪಿಕ್ಸೆಲ್‌ಗಿಂತ ಕಡಿಮೆ ಬೇಡ, ದೂರ ಕೂತು ನೋಡುವ ಟಿವಿಗೆ ಅದಕ್ಕಿಂತ ದೊಡ್ಡದಿರಲಿ ಎಂದು. ಅದು ಸಲಹೆ, ಕಾನೂನಲ್ಲ.

ತಪ್ಪು ಆಗುವುದು ಮೇಜಿನ ಮುಂದೆ. ಆಟ ಮಾಡುವವರು ದೊಡ್ಡ ಮಾನಿಟರಿಗೆ ಎರಡಡಿ ದೂರದಲ್ಲಿ ಕೂತಿರುತ್ತಾರೆ, ಮೇಲಾಗಿ ಆ ಸಾಲುಗಳೆಲ್ಲ ಅವರಿಗೆ ಬಾಯಿಪಾಠ. ಬಾಯಿಪಾಠ ಬಂದದ್ದು ಎಷ್ಟು ಸಣ್ಣದಿದ್ದರೂ ಕಾಣುತ್ತದೆ.

ಅಕ್ಷರದ ಗಾತ್ರಕ್ಕೆ ಕಾನೂನು ಮಾಡಲು ಬರುವುದಿಲ್ಲ ಎಂದೇನಲ್ಲ. ಬಿಸ್ಕೀಟು ಪೊಟ್ಟಣದ ಮೇಲಿನ ವಿವರಗಳ ಅಕ್ಷರ ಒಂದು ಮಿಲಿಮೀಟರಿಗಿಂತ ಗಿಡ್ಡ ಇರಬಾರದೆಂದು 2011ರ ಪೊಟ್ಟಣ ಸರಕು ನಿಯಮಗಳು ಹೇಳುತ್ತವೆ. ಮೇಲೆ ಲೆಕ್ಕ ಹಾಕಿದ ಮೊಬೈಲ್ ಅಕ್ಷರ ಈ ಅಳತೆಗೂ ಮುಟ್ಟುವುದಿಲ್ಲ, ಏಕೆಂದರೆ ಸಾಲಿಗೆ ಕೊಟ್ಟ ಜಾಗವನ್ನೆಲ್ಲ ಅಕ್ಷರವೇ ತುಂಬುವುದಿಲ್ಲ. ತಂಬಾಕು, ಬೀಡಿಗೆ ಹೆಸರಾದ ನಿಪ್ಪಾಣಿಗೆ ಇಂಥ ನಿಯಮ ಹೊಸದಲ್ಲ: 2016ರ ಏಪ್ರಿಲ್‌ನಿಂದ ಬೀಡಿ ಕಟ್ಟಿನ ಮುಖದ ಶೇ 85ರಷ್ಟು ಭಾಗ ಎಚ್ಚರಿಕೆಗೇ ಮೀಸಲು. ದುಡ್ಡು ಕಟ್ಟಿ ಆಡುವ ಆಟಗಳ ಮುದ್ರಿತ ಜಾಹೀರಾತಿನಲ್ಲಿ ಎಚ್ಚರಿಕೆಗೆ ಶೇ 20 ಜಾಗ ಬಿಡಬೇಕೆಂದು ಜಾಹೀರಾತು ಮಾನಕ ಮಂಡಳಿ 2020ರ ಡಿಸೆಂಬರಿನಿಂದ ಹೇಳಿತ್ತು. ಜಾಹೀರಾತಿಗೆ ಅಳತೆ ಹೇಳಿದವರು ಆಟದೊಳಗಿನ ಬರಹದ ತಂಟೆಗೆ ಹೋಗಲಿಲ್ಲ.

ಇನ್ನು ಕನ್ನಡ. ಕನ್ನಡದಲ್ಲೇ ಮಾತು, ಮೆನು ಇರುವ ದೊಡ್ಡ ಆಟಗಳು ಅಪರೂಪ. ಆಂಡ್ರಾಯ್ಡ್ 2014ರ ಲಾಲಿಪಾಪ್ ಆವೃತ್ತಿಯಲ್ಲೇ ಕನ್ನಡ ಮೆನು ಕೊಟ್ಟಿತು, ಆದರೆ ಗೇಮ್ ತನ್ನ ಅಕ್ಷರಗಳನ್ನು ತಾನೇ ಚಿತ್ರಿಸಿಕೊಳ್ಳುತ್ತದೆ. ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ಅಕ್ಷರ ದೊಡ್ಡದು ಮಾಡಿದರೂ ಆಟದೊಳಗೆ ಬದಲಾಗದಿರುವುದು ಇದೇ ಕಾರಣಕ್ಕೆ. ಹಾಗೆ ಚಿತ್ರಿಸುವ ತಂತ್ರಾಂಶಕ್ಕೆ ಒತ್ತಕ್ಷರ ಜೋಡಿಸುವುದು ಗೊತ್ತಿಲ್ಲದಿದ್ದರೆ ಚಿಕ್ಕೋಡಿ ‘ಚಿಕ್‌ಕೋಡಿ’ ಆಗಿ ಮುರಿದು ಬೀಳುತ್ತದೆ. ಗೇಮ್ ಕಟ್ಟಲು ಹಲವು ಸ್ಟುಡಿಯೊಗಳು ಬಳಸುವ ಯೂನಿಟಿ ಎಂಜಿನ್ನಿನ ಪಠ್ಯ ಸಾಧನದಲ್ಲಿ ಬಹುಕಾಲ ಇದ್ದ ಕೊರತೆ ಇದೇ. ಬಿಟ್ಟಿ ಸಿಗುವ ಗೊಡೊ ಎಂಜಿನ್ 2023ರ ನಾಲ್ಕನೇ ಆವೃತ್ತಿಯಲ್ಲಿ ಇದನ್ನು ಸರಿಮಾಡಿಕೊಂಡಿತು.

ಜೋಡಣೆ ಸರಿಹೋದರೂ ಗಾತ್ರದ ಪ್ರಶ್ನೆ ಉಳಿಯುತ್ತದೆ. ನಿಪ್ಪಾಣಿಯ ಅಂಗಡಿ ಬೋರ್ಡುಗಳಲ್ಲಿ ಮರಾಠಿ, ಕನ್ನಡ ಅಕ್ಕಪಕ್ಕ ಕಾಣುತ್ತವೆ. ದೇವನಾಗರಿಯ ಸಂಯುಕ್ತಾಕ್ಷರ ಹೆಚ್ಚಾಗಿ ಪಕ್ಕಕ್ಕೆ ಹಬ್ಬುತ್ತದೆ, ಕನ್ನಡದ ಒತ್ತು ಕೆಳಗಿಳಿಯುತ್ತದೆ. ‘ರಾಷ್ಟ್ರ’ದಂಥ ಪದಕ್ಕೆ ಕೆಳಗೇ ಎರಡು ಒತ್ತಿನ ಜಾಗ ಬೇಕು. ಇಂಗ್ಲಿಷಿಗೆಂದು ಕೊರೆದ ಪೆಟ್ಟಿಗೆಯಲ್ಲಿ ಇದನ್ನು ತುರುಕಿದರೆ ಮೂಲ ಅಕ್ಷರವೇ ಕುಗ್ಗಬೇಕು, ಇಲ್ಲವೇ ಒತ್ತಿನ ಕಾಲು ಕತ್ತರಿಸಿ ಹೋಗಬೇಕು. ಇಂಗ್ಲಿಷಿಗೆ 18 ಸಾಕಾದಲ್ಲಿ ಕನ್ನಡಕ್ಕೆ ಇನ್ನೂ ಹೆಚ್ಚು ಬೇಕು. ಇದನ್ನು ಮೊದಲ ನಕ್ಷೆ ಹಾಕುವಾಗಲೇ ಲೆಕ್ಕಕ್ಕೆ ಹಿಡಿಯಬೇಕು. ಆಮೇಲೆ ಅನುವಾದಕರ ತಲೆಗೆ ಕಟ್ಟುವುದು ಅನ್ಯಾಯ.

ಈ ಲೆಕ್ಕ ಇಟ್ಟು ಆಟ ಮಾಡಬಲ್ಲವರು ನಮ್ಮಲ್ಲೇ ಇದ್ದಾರೆ. ದೇಶದ ಮೊದಲ ಗೇಮ್ ಸ್ಟುಡಿಯೊಗಳಲ್ಲಿ ಒಂದಾದ ಧ್ರುವ ಇಂಟರ್‌ಆ್ಯಕ್ಟಿವ್ 1997ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ; 2019ರಲ್ಲಿ ಅದನ್ನು ಕೊಂಡ ರಾಕ್‌ಸ್ಟಾರ್ ಗೇಮ್ ಕಂಪನಿಯ ಭಾರತದ ಕಚೇರಿ ಇರುವುದೂ ಅಲ್ಲೇ. ಆನಿಮೇಷನ್, ಗೇಮಿಂಗ್ ಉದ್ಯಮಕ್ಕೆಂದು 2012ರಲ್ಲಿ ದೇಶದಲ್ಲೇ ಮೊದಲು ನೀತಿ ರೂಪಿಸಿದ ರಾಜ್ಯ ಕರ್ನಾಟಕ. ಸರ್ಕಾರದ ನೆರವು ಪಡೆದ ಆಟಕ್ಕೆ ಓದಲು ಬರುವ ಗಾತ್ರದ ಕನ್ನಡ ಇರಲಿ ಎಂಬ ಷರತ್ತು ಹಾಕಿದರೆ ಅತಿಯಾಗಲಾರದು.

ಅಲ್ಲಿಯವರೆಗೆ ಒಂದು ಉಪಾಯವಿದೆ. ಆಂಡ್ರಾಯ್ಡ್ ಮೊಬೈಲಿನ ಆ್ಯಕ್ಸೆಸಿಬಿಲಿಟಿ ಸೆಟ್ಟಿಂಗ್ಸ್‌ನಲ್ಲಿ ಪರದೆ ಹಿಗ್ಗಿಸುವ ಮ್ಯಾಗ್ನಿಫಿಕೇಶನ್ ಇರುತ್ತದೆ. ವಿಂಡೋಸ್ ಕಂಪ್ಯೂಟರಿನಲ್ಲಿ ವಿಂಡೋಸ್ ಕೀಲಿಯ ಜತೆ ಪ್ಲಸ್ ಒತ್ತಿದರೆ ಸಾಕು. ಆದರೆ ಪರದೆ ಹಿಗ್ಗಿದಾಗ ಅಂಚಿನ ಗುಂಡಿಗಳು ಕಣ್ಮರೆಯಾಗುತ್ತವೆ. ಹಾಗಾಗಿ ಮೆನು ಓದಲು, ಕಥೆಯ ಮಾತು ಓದಲು, ದುಡ್ಡು ಕಟ್ಟುವ ಮೊದಲು ಷರತ್ತು ಓದಲು ಇದು ಒದಗೀತು. ಗುಂಡಿನ ಚಕಮಕಿಯ ನಡುವೆ ಬಳಸಿದರೆ ಆಟ ಅಲ್ಲಿಗೇ ಮುಗಿಯುತ್ತದೆ.